ಮುಳ್ಳು ಸುಳ್ಳು ಹೇಳಿದಾಗ: ಹಳೆಯ 407ರ ಡೀಸೆಲ್ ಮೀಟರ್ ದೋಷ ಹುಡುಕಿದ ಬಗೆ

ಮುಳ್ಳು ಅರ್ಧಕ್ಕೆ ನಿಂತಿತ್ತು. ಟ್ಯಾಂಕು ಖಾಲಿಯಾಗಿತ್ತು. ತಿಪಟೂರಿನಲ್ಲಿ ತೆಂಗಿನಕಾಯಿ ಹೇರಿಕೊಂಡು ಬೆಂಗಳೂರಿಗೆ ಹೊರಟಿದ್ದ ನಮ್ಮ ಟಾಟಾ 407 ಸಣ್ಣ ಲಾರಿ, ಕೆ.ಬಿ. ಕ್ರಾಸ್ ದಾಟಿ ನಿಟ್ಟೂರಿನ ಹತ್ತಿರ ಎರಡು ಸಲ ಕೆಮ್ಮಿ ನಿಂತುಬಿಟ್ಟಿತು. ಕ್ಯಾನಿನಲ್ಲಿ ಡೀಸೆಲ್ ತಂದು ಸುರಿದರೂ ಗಾಡಿ ಏಳಲಿಲ್ಲ. ಲೈನಿನಲ್ಲಿ ಏರ್ ಹಿಡಿದಿತ್ತು. ಫಿಲ್ಟರಿನ ಮೇಲಿನ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತಿ ಒತ್ತಿ, ಗುಳ್ಳೆ ನಿಲ್ಲುವ ಹೊತ್ತಿಗೆ ಮುಕ್ಕಾಲು ಗಂಟೆ ಹೋಯಿತು.

ಹಳೇ ಗಾಡಿ, ಆಗುತ್ತೆ ಬಿಡಿ ಅನ್ನಬಹುದು. ಆದರೆ ಟ್ಯಾಂಕಿನೊಳಗೆ ಡೀಸೆಲ್ ಮಟ್ಟ ಅಳೆಯುವ ಫ್ಲೋಟು ಹಾಕಿ ಹತ್ತು ದಿನವೂ ಆಗಿರಲಿಲ್ಲ. ಡ್ಯಾಶ್‌ಬೋರ್ಡಿನ ಮೀಟರೂ ಹೊಸದೇ. ಎರಡೂ ಲೋಕಲ್ ಮಾಲು, ಡಬ್ಬಿಯ ಮೇಲೆ 'ಎಲ್ಲಾ ಗಾಡಿಗೂ ಹೊಂದುತ್ತದೆ' ಅಂತ ಬರೆದಿತ್ತು.

ಮಾರನೆಯ ದಿನ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ವಯಸ್ಸಾದವರು, ಮಾತು ಕಡಿಮೆ. ಅವರು ಬಾನೆಟ್ ಕಡೆಯೂ ನೋಡಲಿಲ್ಲ, ಟ್ಯಾಂಕಿನ ಕಡೆಯೂ ನೋಡಲಿಲ್ಲ.

"ಹಳೇ ಫ್ಲೋಟ್ ಎಲ್ಲಿ?" ಅಂದರು.

"ಗುಜರಿಗೆ ಹಾಕಿದೆ ಅಣ್ಣ."

"ಹಂಗಾದ್ರೆ ಒಂದು ಗಂಟೆ ಕೆಲಸ ಒಂದು ದಿನ ಆಯ್ತು ಅಂತ ತಿಳ್ಕೊ."

ಹಾಗೇ ಆಯಿತು. ಆ ಒಂದು ದಿನದಲ್ಲಿ ಕಲಿತದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. 407ಕ್ಕೆ ಮಾತ್ರ ಅಲ್ಲ. ಟ್ಯಾಂಕಿನಲ್ಲಿ ಫ್ಲೋಟು, ಮುಂದೆ ಮುಳ್ಳಿನ ಮೀಟರ್, ನಡುವೆ ಒಂದೇ ವೈರು ಇರುವ ಯಾವ ಹಳೆಯ ಗಾಡಿಗೂ ಇದು ನಡೆಯುತ್ತದೆ.

ಮೊದಲು ಓಮ್ ಲೆಕ್ಕ

ಫ್ಲೋಟಿನ ಕೆಲಸ ಬಹಳ ಸರಳ. ಡೀಸೆಲ್‌ನಲ್ಲಿ ತೇಲುವ ಬುರುಡೆ ಅದರ ಮಟ್ಟದ ಜೊತೆ ಮೇಲೆ ಕೆಳಗೆ ಹೋಗುತ್ತದೆ. ಬುರುಡೆ ಕಟ್ಟಿರುವ ಕಡ್ಡಿಯ ಇನ್ನೊಂದು ತುದಿ, ತಂತಿ ಸುತ್ತಿದ ಒಂದು ಪಟ್ಟಿಯ ಮೇಲೆ ಉಜ್ಜುತ್ತಾ ಸರಿಯುತ್ತದೆ. ಅದು ಸರಿದ ಹಾಗೆ ರೆಸಿಸ್ಟೆನ್ಸ್, ಅಂದರೆ ಓಮ್, ಬದಲಾಗುತ್ತದೆ. ಮೀಟರು ನೋಡುವುದು ಆ ಓಮನ್ನು ಮಾತ್ರ. ಲೀಟರಿನ ಲೆಕ್ಕ ಅದಕ್ಕೆ ಗೊತ್ತೇ ಇಲ್ಲ.

ತೊಂದರೆ ಏನೆಂದರೆ, ಎಷ್ಟು ಓಮ್ ಅಂದರೆ ಫುಲ್, ಎಷ್ಟು ಅಂದರೆ ಖಾಲಿ ಅನ್ನುವುದು ಎಲ್ಲ ಕಡೆ ಒಂದೇ ಅಲ್ಲ. ಯುರೋಪಿನ ವಿಡಿಓ ಕಂಪನಿಯ ಬಗೆಯ ಮೀಟರುಗಳಲ್ಲಿ ಖಾಲಿಗೆ 10 ಓಮ್, ಫುಲ್‌ಗೆ 180. ಅಮೆರಿಕದ ಜನರಲ್ ಮೋಟಾರ್ಸ್ ಗಾಡಿಗಳಲ್ಲಿ 1965ರಿಂದ ಬಹಳ ವರ್ಷ ಖಾಲಿಗೆ 0, ಫುಲ್‌ಗೆ 90. ಹಳೆಯ ಫೋರ್ಡ್‌ಗಳಲ್ಲಿ ಉಲ್ಟಾ: ಖಾಲಿಗೆ 73, ಫುಲ್‌ಗೆ 10. ಇನ್ನು 'ಎಲ್ಲಕ್ಕೂ ಹೊಂದುತ್ತದೆ' ಅಂತ ಮಾರುವ ಫ್ಲೋಟುಗಳಲ್ಲಿ ಬಹಳಷ್ಟು ಖಾಲಿಗೆ 240, ಫುಲ್‌ಗೆ 33 ಇರುವಂಥವು. ಫ್ಲೋಟನ್ನು ಟ್ಯಾಂಕಿಗೆ ಬಿಗಿಯುವ ತಟ್ಟೆಯ ಮೇಲಿನ ಐದು ತೂತು ಹೊಂದಿಕೊಂಡರೆ ಸಾಕು, ಗಾಡಿಗೆ ಹೊಂದಿತು ಅಂತ ಅಂಗಡಿಯವರು ಕೊಟ್ಟುಬಿಡುತ್ತಾರೆ. ತೂತು ಹೊಂದಿದರೆ ಓಮ್ ಹೊಂದಿತು ಅಂತೇನಿಲ್ಲ.

ನನಗೆ ಆದದ್ದೂ ಅದೇ. ನಮ್ಮದು ನಾಲ್ಕು ಕೈ ಬದಲಾದ ಗಾಡಿ. ಹಳೇ ಮೀಟರು ಕಂಪನಿಯದಲ್ಲ, ಹಿಂದಿನವರು ಹಾಕಿಸಿದ್ದು. ನಾನು ಮೊದಲು ಫ್ಲೋಟು ಮಾತ್ರ ಬದಲಿಸಿದೆ. ಟ್ಯಾಂಕು ತುಂಬಿಸಿದರೆ ಮುಳ್ಳು ಖಾಲಿಯ ಹತ್ತಿರ ಮಲಗಿತು. ಗಾಡಿ ಓಡಿಸಿ ಡೀಸೆಲ್ ಖರ್ಚಾದ ಹಾಗೆ ಮುಳ್ಳು ಮೇಲೆ ಏರತೊಡಗಿತು! ಅಪ್ಪ ನಕ್ಕರು, "ಹಿಂಗೇ ಇದ್ರೆ ಬಂಕಿಗೆ ಹೋಗೋದೇ ಬೇಡ."

ಈ ಲಕ್ಷಣ ಕಂಡರೆ ಬೇರೇನೂ ಹುಡುಕಬೇಡಿ. ಫ್ಲೋಟು ಒಂದು ಜಾತಿ, ಮೀಟರು ಇನ್ನೊಂದು ಜಾತಿ. ನಾನು ಇದನ್ನು ತಿಳಿಯದೆ ಅಂಗಡಿಗೆ ಹೋಗಿ ಹೇಳಿದಾಗ, ಅವರು "ಮೀಟರೂ ಹಾಕ್ಬಿಡಿ" ಅಂದರು. ಹಾಕಿದೆ. ದಿಕ್ಕು ಸರಿಹೋಯಿತು. ದಿಕ್ಕು ಸರಿಹೋದದ್ದೇ ನನ್ನನ್ನು ನಿಟ್ಟೂರಿನ ಹತ್ತಿರ ನಿಲ್ಲಿಸಿತು. ಇನ್ನೂ ಮೂರು ದೋಷ ಅದರ ಹಿಂದೆ ಅಡಗಿದ್ದವು.

ಟ್ಯಾಂಕಿನ ಹತ್ತಿರ ವೈರು ಕಳಚಿ ನೋಡುವುದು

ಎರಡು ನಿಮಿಷದ ಪರೀಕ್ಷೆ ಇದು. ದೋಷ ಮುಂದಿದೆಯೋ ಹಿಂದಿದೆಯೋ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಕೀ ಆನ್ ಮಾಡಿ. ಫ್ಲೋಟಿನ ವೈರು ಕಳಚಿ ಗಾಳಿಯಲ್ಲಿ ಬಿಡಿ. ಮುಳ್ಳು ಒಂದು ಕೊನೆಗೆ ಹೋಗಬೇಕು. ಅದೇ ವೈರನ್ನು ಚಾಸಿಯ ಶುಭ್ರವಾದ ಕಬ್ಬಿಣಕ್ಕೆ ಮುಟ್ಟಿಸಿ. ಮುಳ್ಳು ಇನ್ನೊಂದು ಕೊನೆಗೆ ಹೋಗಬೇಕು. 240-33 ಜಾತಿಯಲ್ಲಿ ಮುಟ್ಟಿಸಿದರೆ ಫುಲ್, ಬಿಟ್ಟರೆ ಖಾಲಿ. 10-180 ಜಾತಿಯಲ್ಲಿ ಇದರ ಉಲ್ಟಾ.

ಮುಳ್ಳು ಎರಡೂ ಕೊನೆಗೆ ಹೋದರೆ ಮೀಟರಿಗೆ ಜೀವ ಇದೆ, ವೈರು ತುಂಡಾಗಿಲ್ಲ ಅಂತ ಅರ್ಥ. ಮೀಟರು ಸರಿಯಾಗಿ ಅಳೆಯುತ್ತದೆ ಅಂತ ಅರ್ಥವಲ್ಲ. ಬಹಳ ಜನ ಇಲ್ಲಿಗೇ ನಿಲ್ಲಿಸಿ ಫ್ಲೋಟಿನ ಮೇಲೆ ತಪ್ಪು ಹೊರಿಸುತ್ತಾರೆ. ನಾನೂ ನಿಲ್ಲಿಸಿದ್ದೆ.

ಎರಡು ಎಚ್ಚರಿಕೆ. ವೈರನ್ನು ಅರ್ತಿಗೆ, ಅಂದರೆ ಚಾಸಿಯ ಕಬ್ಬಿಣಕ್ಕೆ, ಮುಟ್ಟಿಸಿದಾಗ ಜಾಸ್ತಿ ಹೊತ್ತು ಹಿಡಿಯಬೇಡಿ, ನಾಲ್ಕೈದು ಸೆಕೆಂಡು ಸಾಕು. ಹಳೆಯ ಬಿಸಿಯಾಗುವ ಪಟ್ಟಿಯ ಮೀಟರುಗಳು ಇದರಿಂದ ಸುಟ್ಟುಹೋಗುತ್ತವೆ. ಅಂಥವುಗಳಲ್ಲಿ ಮುಳ್ಳು ನಿಧಾನವಾಗಿ ಏಳುತ್ತದೆ, ನೋಡಿದರೆ ಗೊತ್ತಾಗುತ್ತದೆ. ಎರಡನೆಯದು, ಪೆಟ್ರೋಲ್ ಗಾಡಿಯಾದರೆ ಟ್ಯಾಂಕಿನ ಹತ್ತಿರ ಹೀಗೆ ಕಿಡಿ ಹಾರಿಸಲೇಬೇಡಿ. ಅದೇ ಪರೀಕ್ಷೆಯನ್ನು ಮೀಟರಿನ ಹಿಂದೆ ಮಾಡಿ. ಡೀಸೆಲ್ ಅಷ್ಟು ಬೇಗ ಹೊತ್ತಿಕೊಳ್ಳುವುದಿಲ್ಲ, ನಿಜ. ಆದರೂ ಫ್ಲೋಟು ಬಿಚ್ಚಿ ಟ್ಯಾಂಕಿನ ಬಾಯಿ ತೆರೆದ ಮೇಲೆ ಬ್ಯಾಟರಿ ವೈರು ಕಳಚಿರಲಿ, ಬೀಡಿ ದೂರ ಇರಲಿ.

ಮೀಟರಿಗೆ ಸುಳ್ಳು ಟ್ಯಾಂಕು ತೋರಿಸುವುದು

ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ, ಅಥವಾ ನಿಮ್ಮ ಊರಿನ ಟಿವಿ ರಿಪೇರಿ ಅಂಗಡಿಯಲ್ಲಿ, ರೆಸಿಸ್ಟರ್ ಸಿಗುತ್ತದೆ. ಕೆಲವೇ ರೂಪಾಯಿ. 10, 33, 47, 68, 100, 180, 240 ಓಮ್, ಒಂದೊಂದು ತನ್ನಿ. 240 ಸಿಗದಿದ್ದರೆ 220 ನಡೆಯುತ್ತದೆ. ಕಡ್ಡಿಯಂಥ ಸಣ್ಣವು ಬೇಡ, 2 ವ್ಯಾಟಿನದು ಕೇಳಿ.

ಫ್ಲೋಟಿನ ವೈರು ಕಳಚಿ, ಆ ವೈರಿಗೂ ಅರ್ತಿಗೂ ನಡುವೆ ಒಂದೊಂದೇ ರೆಸಿಸ್ಟರ್ ಹಾಕಿ ಮುಳ್ಳು ಎಲ್ಲಿ ನಿಲ್ಲುತ್ತದೆ ಅಂತ ಬರೆದುಕೊಳ್ಳಿ. ಡಬ್ಬಿ ಕಳೆದುಹೋಗಿರಲಿ, ಲೇಬಲ್ ಅಳಿಸಿಹೋಗಿರಲಿ, ಮೀಟರು ಯಾವ ಜಾತಿ ಅಂತ ಮೀಟರೇ ಬಾಯಿಬಿಡುತ್ತದೆ. ಮನೆಯ ಪೆಟ್ಟಿಗೆಯಲ್ಲಿ ಬಿದ್ದಿದ್ದ ನಮ್ಮ ಹಳೇ ಮೀಟರನ್ನೂ ಹೀಗೇ ನೋಡಿದೆವು. 10ಕ್ಕೆ ಖಾಲಿ, 180ಕ್ಕೆ ಫುಲ್. ಅಂದರೆ ಅದು ಗಟ್ಟಿಮುಟ್ಟಾಗಿಯೇ ಇತ್ತು. ಹಳೇ ಫ್ಲೋಟಿನ ಉಜ್ಜುವ ಪಟ್ಟಿ ಒರೆಸಿದ್ದರೆ ಸಾಕಿತ್ತೋ ಏನೋ. ಗುಜರಿಯವನು ಅದಕ್ಕೆ ಕೊಟ್ಟದ್ದು ಒಂದು ಟೀಗೂ ಸಾಲದು.

ಎರಡು ಕೊನೆ ಮಾತ್ರ ನೋಡಬೇಡಿ, ನಡುವನ್ನೂ ನೋಡಿ. 240-33 ಮೀಟರಿನ ಅರ್ಧ ಅಂದರೆ 137 ಅಲ್ಲ, ಸುಮಾರು 103 ಓಮ್. ಹಾಗಾಗಿ 100ರ ರೆಸಿಸ್ಟರ್ ಹಾಕಿದರೆ ಮುಳ್ಳು ಅರ್ಧದ ಮೇಲೆ ಕೂರಬೇಕು. ಅಗ್ಗದ ಕೆಲವು ಫ್ಲೋಟುಗಳು ಕಡ್ಡಿ ನಡುವಿಗೆ ಬಂದಾಗ 135ರ ಹತ್ತಿರ ತೋರಿಸುತ್ತವೆ. ಎರಡೂ ಕೊನೆ ಸರಿ, ಆದರೆ ಅರ್ಧ ಟ್ಯಾಂಕ್ ಇದ್ದಾಗ ಮುಳ್ಳು ಕಾಲಿನ ಕಡೆ ಬೀಳುತ್ತದೆ.

ಮೀಟರಿನ ಹಿಂದಿನ ಅಕ್ಷರದ ಬಗ್ಗೆ ಒಂದು ಮಾತು. ಅಮೆರಿಕದ ನಮೂನೆಯಲ್ಲಿ 'ಐ' ಅಂದರೆ ಕೀ ಕರೆಂಟು, 'ಎಸ್' ಅಂದರೆ ಫ್ಲೋಟು, 'ಜಿ' ಅಂದರೆ ಅರ್ತು. ವಿಡಿಓ ನಮೂನೆಯಲ್ಲಿ 'ಜಿ' ಅಂದರೆ ಫ್ಲೋಟು! ಅದು ಜರ್ಮನ್ ಭಾಷೆಯ 'ಗೇಬರ್' ಅನ್ನುವ ಪದದ ಮೊದಲಕ್ಷರ. ಒಂದು ನಮೂನೆ ತೆಗೆದು ಇನ್ನೊಂದು ಹಾಕುವಾಗ ವೈರುಗಳನ್ನು ಅಕ್ಷರ ನೋಡಿ ಸೇರಿಸಿದರೆ ಕೆಟ್ಟಿತು. ಇನ್ನು ದೊಡ್ಡ ಲಾರಿಗಳಲ್ಲಿ 24 ವೋಲ್ಟ್ ಇರುವುದು ಸಾಮಾನ್ಯ. 12ರ ಮೀಟರು ಅದಕ್ಕೆ ಹಾಕಬೇಡಿ.

ಡೀಸೆಲ್ ಮುಳ್ಳೂ ಟೆಂಪರೇಚರ್ ಮುಳ್ಳೂ ಒಟ್ಟಿಗೇ ತಪ್ಪಿದರೆ ಫ್ಲೋಟಿನ ಕಡೆ ಹೋಗುವುದೇ ಬೇಡ. ಹಳೇ ಗಾಡಿಗಳಲ್ಲಿ ಎರಡಕ್ಕೂ ಸೇರಿ ಡ್ಯಾಶ್‌ಬೋರ್ಡಿನ ಹಿಂದೆ ಒಂದು ಸಣ್ಣ ವೋಲ್ಟೇಜ್ ಸ್ಟೆಬಿಲೈಸರ್ ಡಬ್ಬಿ ಇರುತ್ತದೆ. ಅದು ಕೆಟ್ಟಿರಬೇಕು, ಇಲ್ಲವೇ ಅದರ ಅರ್ತು ಬಿಟ್ಟಿರಬೇಕು.

ಬಣ್ಣ ತಿಂದ ಅರ್ತು

ನಮ್ಮ ಮೊದಲ ದೋಷ ಸಿಕ್ಕಿದ್ದು ಇಲ್ಲಿ. ಎಲೆಕ್ಟ್ರಿಷಿಯನ್ ಅಣ್ಣ ನನ್ನನ್ನು ಗಾಡಿಯಲ್ಲಿ ಕೂರಿಸಿ, ಕೀ ಆನ್ ಮಾಡಿಸಿ, "ಬ್ರೇಕ್ ತುಳಿ" ಅಂದರು. ತುಳಿದೆ. ಮುಳ್ಳು ಒಂದು ಬೆರಳಷ್ಟು ಕೆಳಗೆ ಬಿತ್ತು. ಬಿಟ್ಟೆ, ಎದ್ದಿತು. ಡೀಸೆಲ್ ಮೀಟರಿಗೂ ಬ್ರೇಕಿಗೂ ಏನು ಸಂಬಂಧ?

ಸಂಬಂಧ ಇರುವುದು ಅರ್ತಿನಲ್ಲಿ. ಹಿಂದಿನ ಬ್ರೇಕ್ ಲೈಟು, ಟ್ಯಾಂಕು, ಎರಡೂ ಒಂದೇ ಚಾಸಿಯ ಮೂಲಕ ಬ್ಯಾಟರಿಗೆ ಕರೆಂಟು ವಾಪಸು ಕಳಿಸುತ್ತವೆ. ಆ ದಾರಿ ಇಕ್ಕಟ್ಟಾದರೆ, ಲೈಟು ಹತ್ತಿದ ಕೂಡಲೇ ಫ್ಲೋಟಿನ ಕರೆಂಟಿಗೆ ಜಾಗ ಸಾಲುವುದಿಲ್ಲ. ಮೀಟರಿಗೆ ಅದು ಓಮ್ ಜಾಸ್ತಿಯಾದ ಹಾಗೆ ಕಾಣುತ್ತದೆ.

ಇಕ್ಕಟ್ಟಾದದ್ದು ಯಾಕೆ? ಎಂಟು ವರ್ಷ ದಾಟಿದ ಲಾರಿಗೆ ಪ್ರತಿ ವರ್ಷ ಎಫ್.ಸಿ., ಅಂದರೆ ಗಾಡಿ ಓಡಲು ಯೋಗ್ಯ ಅನ್ನುವ ಫಿಟ್‌ನೆಸ್ ಸರ್ಟಿಫಿಕೇಟ್, ಮಾಡಿಸಬೇಕು. ಎಫ್.ಸಿ. ಅಂದರೆ ಬಣ್ಣ. ಪೇಂಟರ್ ಗನ್ ಹಿಡಿದರೆ ಚಾಸಿ, ಟ್ಯಾಂಕು, ಬೋಲ್ಟು, ಅರ್ತ್ ವೈರು ಯಾವುದನ್ನೂ ಬಿಡುವುದಿಲ್ಲ. ವರ್ಷಕ್ಕೊಂದು ಕೋಟಿನ ಮೇಲೆ ಕೋಟು. ಟ್ಯಾಂಕಿನ ಪಟ್ಟಿಯ ಕೆಳಗೆ ರಬ್ಬರ್ ಇರುತ್ತದೆ, ಹಾಗಾಗಿ ಟ್ಯಾಂಕಿಗೆ ಚಾಸಿಯ ಸಂಪರ್ಕ ಮೊದಲೇ ಅಷ್ಟಕ್ಕಷ್ಟೆ. ಅದರ ಮೇಲೆ ನಾನು ಹೊಸ ಫ್ಲೋಟಿನ ಕೆಳಗೆ ದಪ್ಪ ರಬ್ಬರ್ ಪ್ಯಾಕಿಂಗ್ ಹಾಕಿ, ಸ್ಕ್ರೂಗಳಿಗೆಲ್ಲ ಸೀಲೆಂಟ್ ಬಳಿದಿದ್ದೆ. ಲೀಕ್ ಆಗಬಾರದು ಅಂತ ಮಾಡಿದ ಕೆಲಸ. ಫ್ಲೋಟಿನ ತಟ್ಟೆಗೆ ಅರ್ತೇ ಸಿಗದ ಹಾಗೆ ಆಯಿತು.

ಅಳೆಯುವುದು ಹೀಗೆ. ವೋಲ್ಟ್, ಓಮ್ ಅಳೆಯುವ ಮಲ್ಟಿಮೀಟರನ್ನು ವೋಲ್ಟಿಗೆ ಇಟ್ಟು, ಅದರ ಒಂದು ಕಡ್ಡಿ ಬ್ಯಾಟರಿಯ ಮೈನಸ್ಸಿಗೆ, ಇನ್ನೊಂದು ಫ್ಲೋಟಿನ ತಟ್ಟೆಗೆ. ಕೀ ಆನ್, ಲೈಟ್ ಆನ್, ಬ್ರೇಕ್ ತುಳಿದಿರಲಿ. 0.1 ವೋಲ್ಟಿಗಿಂತ ಕಡಿಮೆ ಇದ್ದರೆ ಅರ್ತು ಸರಿ. ನಮ್ಮದು 1 ವೋಲ್ಟಿಗೂ ಮೇಲೆ ತೋರಿಸಿತು.

ಅಣ್ಣ ತಟ್ಟೆಯ ಒಂದು ಸ್ಕ್ರೂ ಕೆಳಗೆ ಬಣ್ಣ ಕೆರೆದು, ರಿಂಗ್ ಟರ್ಮಿನಲ್ ಹಾಕಿ, ಅಲ್ಲಿಂದ ಚಾಸಿಯ ಹಸಿ ಕಬ್ಬಿಣಕ್ಕೆ ಬೇರೆ ಒಂದು ವೈರು ಎಳೆದರು. ಹಿಂದಿನ ಲೈಟಿನ ಅರ್ತೂ ಹಾಗೇ ಕೆರೆದು ಬಿಗಿದರು. ಆಮೇಲೆ ಎರಡೂ ಜಾಗಕ್ಕೆ ಗ್ರೀಸ್ ಬಳಿದರು. ಬ್ರೇಕ್ ತುಳಿದರೆ ಮುಳ್ಳು ಈಗ ಅಲುಗುವುದಿಲ್ಲ.

ಫ್ಲೋಟು ಮೇಜಿನ ಮೇಲೆ

ಮೇಲಿನದು ಸರಿಯಾದ ಮೇಲೂ ಖಾಲಿ ಟ್ಯಾಂಕಿಗೆ ಅರ್ಧ ತೋರಿಸುವುದು ಹೋಗಲಿಲ್ಲ. ಫ್ಲೋಟು ಹೊರಗೆ ತೆಗೆದೆವು.

ಮಲ್ಟಿಮೀಟರ್ ಓಮಿಗೆ ಇಟ್ಟು, ಅದರ ಒಂದು ಕಡ್ಡಿ ಟರ್ಮಿನಲ್ಲಿಗೆ, ಒಂದು ತಟ್ಟೆಗೆ. ಬುರುಡೆಯನ್ನು ಕೆಳಗಿನಿಂದ ಮೇಲಕ್ಕೆ ನಿಧಾನವಾಗಿ ಎತ್ತಿ. ಎಷ್ಟು ನಿಧಾನ ಅಂದರೆ ಒಂದು ಸುತ್ತಿಗೆ ಅರ್ಧ ನಿಮಿಷ. ಓಮ್ ಮೆಲ್ಲಗೆ ಒಂದೇ ದಿಕ್ಕಿಗೆ ಹೋಗಬೇಕು. ನಡುವೆ ಒಮ್ಮೆಲೆ ಹಾರಿದರೆ, ಅಥವಾ ಸಂಪರ್ಕವೇ ಕಡಿದರೆ, ಅಲ್ಲಿ ತಂತಿ ಸವೆದಿದೆ ಅಥವಾ ಉಜ್ಜುವ ನಾಲಗೆಗೆ ಬಿಗಿ ಇಲ್ಲ. ಈ ಕೆಲಸಕ್ಕೆ ಹಳೇ ಮುಳ್ಳಿನ ಮಲ್ಟಿಮೀಟರೇ ಒಳ್ಳೆಯದು. ಡಿಜಿಟಲ್‌ನಲ್ಲಿ ಅಂಕಿ ಕುಣಿಯುವುದು ಕಾಣುತ್ತದೆ, ಆದರೆ ಕ್ಷಣಮಾತ್ರದ ಕಡಿತ ತಪ್ಪಿಹೋಗುತ್ತದೆ.

ನಮ್ಮದು ಮುಕ್ಕಾಲಿನ ಹತ್ತಿರ ಕಡಿಯುತ್ತಿತ್ತು. ಹತ್ತು ದಿನದ ಮಾಲು! ಕಡ್ಡಿಯನ್ನು ಹೊತ್ತು ಟ್ಯಾಂಕಿನೊಳಗೆ ಇಳಿಯುವ ಕಂಬವನ್ನು ತಟ್ಟೆಗೆ ಕೂರಿಸಿದ ರಿವೆಟ್ ಕೂಡ ಸಡಿಲ. ಕಂಬವನ್ನು ಬೆರಳಿನಿಂದ ತಿರುಚಿದರೆ 20 ಓಮ್ ಆಚೀಚೆ. ಇಂಥದ್ದನ್ನು ಬಾಗಿಸಿ ಸರಿಮಾಡಲು ಹೋಗಬೇಡಿ, ವಾಪಸು ಕೊಡಿ.

ವಾಪಸು ಕೊಡಲು ಜೆ.ಸಿ. ರಸ್ತೆಗೆ ಹೋದಾಗ ಮಲ್ಟಿಮೀಟರ್ ಜೇಬಿನಲ್ಲೇ ಇತ್ತು. ಕೌಂಟರಿನ ಮೇಲೆ ಮೂರು ಫ್ಲೋಟು ಬಿಚ್ಚಿಸಿ ಅಳೆದೆ. ಒಂದರ ನಡು ಕಡಿಯುತ್ತಿತ್ತು. ಇನ್ನೊಂದು 190ಕ್ಕಿಂತ ಮೇಲೆ ಹೋಗಲೇ ಇಲ್ಲ. ಮೂರನೆಯದು 238ರಿಂದ 34, ನಡುವೆ 105. ಮೂರೂ ಒಂದೇ ಬಣ್ಣದ ಡಬ್ಬಿ. ಅಂಗಡಿಯ ಹುಡುಗ ಮುಖ ಸಿಂಡರಿಸಿದ. ಪರವಾಗಿಲ್ಲ, ಫ್ಲೋಟಿನ ಬೆಲೆಗಿಂತ ಅದನ್ನು ಮತ್ತೆ ಬಿಚ್ಚುವ ಕೂಲಿ ಜಾಸ್ತಿ.

ಬುರುಡೆಯನ್ನೂ ನೋಡಿ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿ, ಒಳಗೆ ಕುಳುಕ್ ಅಂದರೆ ಡೀಸೆಲ್ ನುಗ್ಗಿದೆ. ಹಿತ್ತಾಳೆ ಬುರುಡೆಯಾದರೆ ಬಿಸಿನೀರಿನಲ್ಲಿ ಮುಳುಗಿಸಿ ಹಿಡಿಯಿರಿ, ಸೂಜಿಮೊನೆಯಷ್ಟು ತೂತಿದ್ದರೂ ಗುಳ್ಳೆ ಬರುತ್ತದೆ. ಪ್ಲಾಸ್ಟಿಕ್ಕಿನದಾದರೆ ಒಂದು ರಾತ್ರಿ ಡೀಸೆಲ್ ತುಂಬಿದ ಡಬ್ಬದಲ್ಲಿ ತೇಲಿಬಿಡಿ. ಬೆಳಿಗ್ಗೆ ಅರ್ಧ ಮುಳುಗಿದ್ದರೆ ಬೇಡ.

ಕಂಬ ಮತ್ತು ಕಡ್ಡಿ

ಖಾಲಿಗೆ ಅರ್ಧ ತೋರಿಸುತ್ತಿದ್ದ ಗುಟ್ಟು ಇಲ್ಲಿತ್ತು. ಈ ಬಗೆಯ ಫ್ಲೋಟುಗಳಲ್ಲಿ ಕಂಬದ ಎತ್ತರ, ಕಡ್ಡಿಯ ಉದ್ದ, ಎರಡನ್ನೂ ಟ್ಯಾಂಕಿನ ಆಳಕ್ಕೆ ತಕ್ಕಂತೆ ನಾವೇ ಹೊಂದಿಸಿಕೊಳ್ಳಬೇಕು. ಡಬ್ಬಿಯಿಂದ ತೆಗೆದ ಹಾಗೇ ನಾನು ಹಾಕಿದ್ದೆ. ಕಂಬ ತೀರಾ ಉದ್ದವಾಗಿ, ಕಡ್ಡಿ ತಿರುಗುವ ಜಾಗ ಟ್ಯಾಂಕಿನ ತಳದ ಹತ್ತಿರ ಇತ್ತು. ಡೀಸೆಲ್ ಮುಗಿದರೂ ಕಡ್ಡಿ ಅಡ್ಡವಾಗಿ ಮಲಗಿತು, ಅದಕ್ಕಿಂತ ಕೆಳಗೆ ಬಗ್ಗಲು ಜಾಗವೇ ಇಲ್ಲ. ಅಡ್ಡ ಮಲಗಿದ ಕಡ್ಡಿ ಅಂದರೆ ಮೀಟರಿಗೆ ಅರ್ಧ. ಟ್ಯಾಂಕು ತುಂಬಿಸಿದ ಮೇಲೆ ಬಹಳ ದೂರ ಮುಳ್ಳು ಫುಲ್‌ನಿಂದ ಇಳಿಯದೇ ಇದ್ದದ್ದೂ ಇದಕ್ಕೇ. ಮೈಲೇಜ್ ಚೆನ್ನಾಗಿ ಬರ್ತಿದೆ ಅಂತ ನಾನು ಖುಷಿಪಟ್ಟಿದ್ದೆ.

ಲೆಕ್ಕ ಸುಲಭ. ಫ್ಲೋಟು ಕೂರುವ ತೂತಿನಿಂದ ಕೋಲು ಇಳಿಸಿ ಆಳ ಅಳೆಯಿರಿ. 30 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಕಡ್ಡಿ ತಿರುಗುವ ಜಾಗ ಅದರ ಅರ್ಧಕ್ಕೆ, ಅಂದರೆ 15ಕ್ಕೆ ಬರಬೇಕು. ಬುರುಡೆ ಮೇಲೂ ಕೆಳಗೂ 2 ಸೆಂಟಿಮೀಟರ್ ಬಿಟ್ಟು ಓಡಾಡಲಿ. ಅಂದರೆ ನಡುವಿನಿಂದ ಮೇಲಕ್ಕೆ 13, ಕೆಳಕ್ಕೆ 13. ಕಡ್ಡಿ ಮೇಲೆ 45 ಡಿಗ್ರಿ, ಕೆಳಗೆ 45 ಡಿಗ್ರಿ ತಿರುಗುವಂಥದ್ದಾದರೆ 13ನ್ನು 1.4ರಿಂದ ಗುಣಿಸಿ. 18 ಸೆಂಟಿಮೀಟರ್ ಕಡ್ಡಿ ಬೇಕು. ಕಡ್ಡಿಯನ್ನು ಕತ್ತರಿಸುವ ಮೊದಲು ಕಟ್ಟುವ ತಂತಿ ಬಗ್ಗಿಸಿ ಒಂದು ಮಾದರಿ ಮಾಡಿ ನೋಡಿ. ಕಡ್ಡಿ ಯಾವ ದಿಕ್ಕಿಗೆ ತಿರುಗುತ್ತದೆ ಅನ್ನುವುದನ್ನೂ ನೋಡಿ. ಟ್ಯಾಂಕಿನೊಳಗೆ ಡೀಸೆಲ್ ಕುಲುಕದಂತೆ ತಡೆಯುವ ಅಡ್ಡತಗಡು ಇರುತ್ತದೆ, ಬುರುಡೆ ಅದಕ್ಕೆ ಸಿಕ್ಕಿಹಾಕಿಕೊಂಡರೆ ಮತ್ತೆ ಅದೇ ಕತೆ.

ರೆಸಿಸ್ಟರ್ ಹಾಕಿ ಅಡ್ಜಸ್ಟ್ ಮಾಡಬಹುದಾ?

ಕೆಲವರು ಹೇಳುತ್ತಾರೆ, ಫ್ಲೋಟಿನ ಜೊತೆ ಪಕ್ಕಕ್ಕೆ (ಪ್ಯಾರಲಲ್ ಆಗಿ) ಒಂದು ರೆಸಿಸ್ಟರ್ ಕಟ್ಟಿದರೆ ಬೇರೆ ಜಾತಿಯ ಮೀಟರಿಗೂ ಹೊಂದುತ್ತದೆ ಅಂತ. ಅರ್ಧ ಸತ್ಯ. 10-180ರ ಫ್ಲೋಟಿಗೆ 180 ಓಮ್ ಪಕ್ಕಕ್ಕೆ ಕಟ್ಟಿದರೆ ಫುಲ್‌ಗೆ 90 ಬರುತ್ತದೆ, ಖಾಲಿಗೆ 9.5. ಹಾಗಾಗಿ 0-90ರ ಮೀಟರಿಗೆ ಎರಡು ಕೊನೆಯೂ ಹೆಚ್ಚುಕಡಿಮೆ ಹೊಂದಿತು. ನಡುವೆ ಮಾತ್ರ 45 ಬರಬೇಕಾದ ಕಡೆ 62 ಬರುತ್ತದೆ. ಅರ್ಧ ಟ್ಯಾಂಕಿಗೆ ಮೂರರಲ್ಲಿ ಎರಡು ಭಾಗ ತೋರಿಸುತ್ತದೆ. ಇಲ್ಲದ ಡೀಸೆಲ್ ಇದೆ ಅನ್ನುವ ಮೀಟರು ಯಾರಿಗೆ ಬೇಕು? ದಿಕ್ಕು ಉಲ್ಟಾ ಇದ್ದರಂತೂ ಯಾವ ರೆಸಿಸ್ಟರಿನಿಂದಲೂ ಆಗುವುದಿಲ್ಲ, ಸುಮ್ನೆ ಜೋಡಿ ಬದಲಿಸಿ.

ಕೂರಿಸಿದ ಮೇಲೆ

ಟ್ಯಾಂಕು ಪೂರ್ತಿ ಬಸಿದು, 5 ಲೀಟರ್ ಕ್ಯಾನಿನಲ್ಲಿ ಅಳೆದು ಸುರಿಯುತ್ತಾ ಹೋಗಿ. ಪ್ರತಿ ಸಲವೂ ಗಾಡಿ ಸಮತಟ್ಟು ಜಾಗದಲ್ಲಿರಲಿ, ಮುಳ್ಳು ನಿಲ್ಲುವವರೆಗೆ ಒಂದು ನಿಮಿಷ ಕಾಯಿರಿ. ನಮ್ಮ 60 ಲೀಟರ್ ಟ್ಯಾಂಕಿನಲ್ಲಿ 10 ಲೀಟರಿಗೆ ಮುಳ್ಳು ಖಾಲಿ ಗೆರೆ ಬಿಟ್ಟು ಏಳುತ್ತದೆ, 15ಕ್ಕೆ ಕಾಲಿಗಿಂತ ಸ್ವಲ್ಪ ಕೆಳಗೆ, 30ಕ್ಕೆ ಸರಿಯಾಗಿ ಅರ್ಧ. 15ರ ಜಾಗಕ್ಕೆ ಮೀಟರಿನ ಗಾಜಿನ ಮೇಲೆ ಕೆಂಪು ಉಗುರುಬಣ್ಣದ ಚುಕ್ಕೆ ಇಟ್ಟಿದ್ದೇನೆ. ಅಪ್ಪ ಮಾತ್ರ ಹೊರಡುವ ಮೊದಲು ಈಗಲೂ ಸ್ಪ್ಯಾನರಿನಿಂದ ಟ್ಯಾಂಕು ತಟ್ಟಿಯೇ ಹತ್ತುತ್ತಾರೆ.

ಎರಡು ದಿನ ಬಿಟ್ಟು, ಫುಲ್ ಟ್ಯಾಂಕು ಇದ್ದಾಗ ಗಾಡಿಯನ್ನು ಒಂದು ಇಳಿಜಾರಿನಲ್ಲಿ ನಿಲ್ಲಿಸಿ ಫ್ಲೋಟಿನ ತಟ್ಟೆಯ ಸುತ್ತ ಬೆರಳಾಡಿಸಿ. ಪ್ಯಾಕಿಂಗ್ ಒಸರುತ್ತಿದ್ದರೆ ಅಲ್ಲಿ ಧೂಳು ಕಪ್ಪಗೆ ಅಂಟಿಕೊಂಡಿರುತ್ತದೆ. ಸ್ಕ್ರೂಗಳನ್ನು ಎದುರುಬದುರಾಗಿ, ಸ್ವಲ್ಪ ಸ್ವಲ್ಪವೇ ಬಿಗಿಮಾಡಿ. ಒಂದನ್ನೇ ಪೂರ್ತಿ ಬಿಗಿದರೆ ತಟ್ಟೆ ಸೊಟ್ಟಗಾಗುತ್ತದೆ, ಆಮೇಲೆ ಎಷ್ಟು ಸೀಲೆಂಟ್ ಮೆತ್ತಿದರೂ ಒಸರುವುದು ನಿಲ್ಲುವುದಿಲ್ಲ.